ಆಯುಧ ಪೂಜೆಗೆ ಬಾನೆಟ್ಟೂ ತೆಗೆಯಿರಿ

ರಿಮೋಟ್ ಒತ್ತಿದೆ. ಏನೂ ಆಗಲಿಲ್ಲ. ಗ್ಲೌಸ್ ತೆಗೆದು ಇನ್ನೊಂದು ಸಲ ಒತ್ತಿದೆ, ಆಗಲೂ ಇಲ್ಲ. ಜನವರಿ ತಿಂಗಳ ಶನಿವಾರ, ಬೆಳಗ್ಗೆ ಎಂಟು ಗಂಟೆ, ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನ್ನಿಯಾಪೊಲಿಸ್‌ನಲ್ಲಿ ಮೈನಸ್ 26 ಡಿಗ್ರಿ ಸೆಲ್ಸಿಯಸ್. ಹಿಂದಿನ ರಾತ್ರಿಯಷ್ಟೇ ಹಾಸನದಿಂದ ವಾಪಸ್ ಬಂದಿದ್ದೆವು. ಸಂಕ್ರಾಂತಿ ಮುಗಿಸಿಕೊಂಡು, ಎಳ್ಳು-ಬೆಲ್ಲದ ಡಬ್ಬ, ಎರಡು ಕೆಜಿ ಕಾಫಿ ಪುಡಿ, ಅಮ್ಮ ಕಟ್ಟಿಕೊಟ್ಟ ಹುರಿಹಿಟ್ಟು ಎಲ್ಲಾ ಹೊತ್ತುಕೊಂಡು. ಕಾಫಿ ಪುಡಿ ಇತ್ತು, ಹಾಲು ಇರಲಿಲ್ಲ. ಹಾಲು ತರೋಣ ಅಂತ ಕೆಳಗಿಳಿದಿದ್ದೆ.

ಕಾರು ಆರು ವಾರದಿಂದ ಅಪಾರ್ಟ್‌ಮೆಂಟ್ ಹಿಂದಿನ ಬಯಲು ಪಾರ್ಕಿಂಗ್‌ನಲ್ಲೇ ನಿಂತಿತ್ತು. ಮೇಲೆ ಒಂದು ಅಡಿ ಹಿಮ. ರಿಮೋಟ್ ಒಳಗೆ ಒಂದು ಪುಟ್ಟ ಲೋಹದ ಕೀ ಅಡಗಿರುತ್ತಲ್ಲ, ಅದನ್ನು ಕಾರು ತಗೊಂಡ ಮೇಲೆ ಮೊದಲ ಸಲ ಹೊರಗೆಳೆದೆ. ಬಾಗಿಲಿನ ರಬ್ಬರ್ ಚೌಕಟ್ಟಿಗೆ ಅಂಟಿಕೊಂಡಿತ್ತು, ಎಳೆದಾಗ ಚರ್ ಅಂತ ಬಿಟ್ಟುಕೊಂಡು ಬಂತು. ಒಳಗೆ ಲೈಟ್ ಇಲ್ಲ. ಸ್ಟಾರ್ಟ್ ಬಟನ್ ಒತ್ತಿದರೆ ಟಕ್ ಅನ್ನೋ ಸದ್ದೂ ಇಲ್ಲ. ಊರಲ್ಲಿ ‘ಸೆಲ್ಫ್ ತಗೋತಿಲ್ಲ’ ಅಂತಾರಲ್ಲ, ಅಷ್ಟು ಹೇಳುವ ಮಟ್ಟಕ್ಕೂ ಬಂದಿರಲಿಲ್ಲ. ಪೂರ್ತಿ ಹೆಣ.

ಪಕ್ಕದ ಬಿಲ್ಡಿಂಗಿನಲ್ಲಿ ಹುಬ್ಬಳ್ಳಿಯ ಗೆಳೆಯನೊಬ್ಬ ಇದ್ದಾನೆ. ಫೋನ್ ಮಾಡಿದೆ. “ಕೇಬಲ್ ಅದಾವಲೇ ನನ್ನ ಹತ್ರ, ಐದ್ ಮಿನಿಟ್ ತಡಿ, ಬಂದೆ” ಅಂದ. ಬಂದ ಕೂಡ. ತನ್ನ ಬ್ಯಾಟರಿಯಿಂದ ನನ್ನದಕ್ಕೆ ಕರೆಂಟ್ ಕೊಡೋಣ ಅಂತ ತನ್ನ ಕಾರನ್ನು ನನ್ನ ಕಾರಿನ ಮೂತಿಗೆ ಮೂತಿ ತಾಗಿಸುವ ಹಾಗೆ ನಿಲ್ಲಿಸಿ, ಕೆಂಪು ಕ್ಲಿಪ್ ಕೈಲಿ ಹಿಡಿದು ಬಗ್ಗಿದ್ದ. ಅಷ್ಟರಲ್ಲಿ ಆ ಕಡೆ ಹಿಮ ಎತ್ತುತ್ತಿದ್ದ ಒಬ್ಬ ಹಿರಿಯರು ಸಲಿಕೆ ಬಿಟ್ಟು ಕೈ ಬೀಸಿಕೊಂಡು ಬಂದರು. ಎಪ್ಪತ್ತು ದಾಟಿದವರು, ಉತ್ತರದ ಡುಲುತ್ ಊರಿನ ಕಡೆ ಹುಟ್ಟಿ ಬೆಳೆದವರು. ಗ್ಲೌಸ್ ತೆಗೆದು ಬ್ಯಾಟರಿಯ ಪಕ್ಕಕ್ಕೆ ಬೆರಳಿಟ್ಟು ಸವರಿದರು. ನನಗೂ ಮುಟ್ಟಿ ನೋಡು ಅಂದರು. ನೆಟ್ಟಗೆ ಇರಬೇಕಾದ ಪ್ಲಾಸ್ಟಿಕ್ ಗೋಡೆ ಹೊರಕ್ಕೆ ಉಬ್ಬಿತ್ತು. ಒಂದು ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು, ಬಿರುಕಿನ ಉದ್ದಕ್ಕೂ ಬಿಳಿ ಮಂಜಿನ ಗೆರೆ.

“ಹೆಪ್ಪುಗಟ್ಟಿದೆ. ಕರೆಂಟ್ ಕೊಟ್ಟರೆ ಸಿಡಿಯಬಹುದು” ಅಂದರು. ನಾಳೆ ಮೋಡ ಇದೆ ಅಂದ ಹಾಗೆ, ಅಷ್ಟೇ ಸಲೀಸಾಗಿ. ನನ್ನ ಗೆಳೆಯ ಕ್ಲಿಪ್ ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಹೋದ.

ಬ್ಯಾಟರಿ ಹೆಪ್ಪುಗಟ್ಟುತ್ತೆ ಅನ್ನೋದೇ ನನಗೆ ಅಲ್ಲಿವರೆಗೆ ಗೊತ್ತಿರಲಿಲ್ಲ. ಒಳಗಿರೋದು ಆಸಿಡ್ ಅಲ್ವಾ, ಅದು ಹೇಗೆ ಗಟ್ಟಿಯಾಗುತ್ತೆ ಅಂದುಕೊಂಡಿದ್ದೆ. ಆಮೇಲೆ ಕೂತು ಓದಿಕೊಂಡೆ. ಓದಿದ್ದನ್ನು, ಮೈಮೇಲೆ ಬಂದದ್ದನ್ನು ಎರಡನ್ನೂ ಇಲ್ಲಿ ಬರೀತಿದ್ದೇನೆ, ಯಾಕಂದ್ರೆ ಇಲ್ಲಿನ ನಮ್ಮವರ ವಾಟ್ಸಾಪ್ ಗುಂಪಿನಲ್ಲಿ ಪ್ರತಿ ಜನವರಿ ‘ಊರಿಂದ ಬಂದೆವು, ಕಾರು ಸ್ಟಾರ್ಟ್ ಆಗ್ತಿಲ್ಲ, ಯಾರ ಹತ್ರ ಕೇಬಲ್ ಇದೆ’ ಅನ್ನೋ ಮೆಸೇಜು ತಪ್ಪದೆ ಬರುತ್ತೆ, ಹಬ್ಬದ ಹಾಗೆ.

ವಿಷಯ ಇಷ್ಟು. ಕಾರಿನ ಬ್ಯಾಟರಿಯೊಳಗೆ ಸೀಸದ ತಟ್ಟೆಗಳು, ಅವುಗಳ ನಡುವೆ ಗಂಧಕಾಮ್ಲ ಬೆರೆತ ನೀರು. ಚಾರ್ಜ್ ತುಂಬಿದ್ದಾಗ ಆಸಿಡ್ ನೀರಿನಲ್ಲಿರುತ್ತೆ. ಚಾರ್ಜ್ ಖಾಲಿಯಾಗುತ್ತಾ ಹೋದ ಹಾಗೆ ಆಸಿಡ್‌ನ ಅಂಶ ತಟ್ಟೆಗೆ ಹೋಗಿ ಅಂಟಿಕೊಳ್ಳುತ್ತೆ, ಉಳಿಯೋದು ಬಹುಪಾಲು ನೀರು. ತುಂಬಿದ ಬ್ಯಾಟರಿ ಮೈನಸ್ 50ಕ್ಕೂ ಹೆಪ್ಪುಗಟ್ಟಲ್ಲ. ಅರ್ಧ ಚಾರ್ಜ್ ಇದ್ದರೆ ಮೈನಸ್ 25ರ ಆಸುಪಾಸಿನಲ್ಲಿ ಗಟ್ಟಿಯಾಗಬಹುದು. ಪೂರ್ತಿ ಖಾಲಿಯಾದದ್ದು ಮೈನಸ್ 7ಕ್ಕೇ ಕಲ್ಲು. ಇಲ್ಲಿ ಚಳಿಗಾಲದಲ್ಲಿ ಬಾಲ್ಕನಿಯನ್ನೇ ಫ್ರಿಜ್ ಮಾಡಿಕೊಂಡವರಿಗೆ ಇದು ಅರ್ಥವಾಗುತ್ತೆ. ಮಜ್ಜಿಗೆ ಪಾತ್ರೆ ಕಲ್ಲಾಗಿರುತ್ತೆ, ಪಕ್ಕದಲ್ಲೇ ಇರೋ ಉಪ್ಪಿನಕಾಯಿಯ ರಸ ಇನ್ನೂ ಅಲ್ಲಾಡ್ತಿರುತ್ತೆ.

ಹಾಗಾದರೆ ನನ್ನ ಬ್ಯಾಟರಿ ಖಾಲಿಯಾದದ್ದು ಹೇಗೆ? ನಿಂತ ಕಾರು ಏನೂ ತಿನ್ನಲ್ಲ ಅನ್ನೋದು ಸುಳ್ಳು. ಈಗಿನ ಕಾರುಗಳು ಕೀ ತೆಗೆದ ಮೇಲೂ ಅಲಾರಂಗೆ, ರಿಮೋಟ್ ಕೇಳಿಸಿಕೊಳ್ಳೋದಕ್ಕೆ, ಕಂಪ್ಯೂಟರಿನ ನೆನಪಿಗೆ ಅಂತ 20ರಿಂದ 50 ಮಿಲಿ ಆಂಪ್ಸ್ ಕುಡಿಯುತ್ತಲೇ ಇರುತ್ತವೆ. 50 ಅಂತಲೇ ಲೆಕ್ಕ ಹಾಕಿ. 42 ದಿನಕ್ಕೆ 1008 ಗಂಟೆ. 0.05 ಆಂಪ್ಸನ್ನು 1008 ಗಂಟೆಯಿಂದ ಗುಣಿಸಿದರೆ ಸುಮಾರು 50 ಆಂಪಿಯರ್ ಅವರ್. ಸಾಧಾರಣ ಕಾರಿನ ಬ್ಯಾಟರಿಯೇ 50-60 ಆಂಪಿಯರ್ ಅವರ್‌ನದ್ದು! ಅಪ್ಪ-ಅಮ್ಮನ ಜೊತೆ ಆರು ವಾರ ಇದ್ದು ಬರೋಣ ಅಂತ ಹೋದವರ ಬ್ಯಾಟರಿ ಕಾಗದದ ಮೇಲೇ ಹೋಯ್ತು. ನನ್ನ ಕತೆ ಇನ್ನೂ ಚೆಂದ. ಹೋಗುವ ಮುಂಚೆ ಯಾರಾದರೂ ಕಾರಿಗೆ ಗುದ್ದಿ ಹೋದರೆ ಗೊತ್ತಾಗಲಿ ಅಂತ ಮುಂದಿನ ಗಾಜಿನ ಕ್ಯಾಮೆರಾ, ಅಂದರೆ ಡ್ಯಾಶ್‌ಕ್ಯಾಮನ್ನು, ಕಾರು ನಿಂತಾಗಲೂ ರೆಕಾರ್ಡ್ ಮಾಡೋ ಪಾರ್ಕಿಂಗ್ ಮೋಡ್‌ಗೆ ಹಾಕಿಸಿದ್ದೆ. ವೋಲ್ಟೇಜ್ ಇಳಿದರೆ ತಾನೇ ಆಫ್ ಆಗೋ ಸೆಟ್ಟಿಂಗ್ ಅದರಲ್ಲೇ ಇತ್ತು, ಆನ್ ಮಾಡಿರಲಿಲ್ಲ. ಹತ್ತು-ಹನ್ನೆರಡು ದಿನದಲ್ಲಿ ಬ್ಯಾಟರಿ ಮುಗಿಸಿರುತ್ತೆ. ಮೆಮೊರಿ ಕಾರ್ಡ್ ತೆಗೆದು ನೋಡಿದೆ. ಇದ್ದದ್ದು ಗಾಜಿನ ಮೇಲೆ ಹಿಮ ಬೀಳೋ ವಿಡಿಯೋ ಮಾತ್ರ.

ಹೆಪ್ಪುಗಟ್ಟಿದ್ದನ್ನು ಬಿಚ್ಚಿದೆವು. 10 ನಂಬರ್ ಸ್ಪ್ಯಾನರ್ ಸಾಕು. ಮೊದಲು ಮೈನಸ್, ಆಮೇಲೆ ಪ್ಲಸ್. ಹಾಕುವಾಗ ತಿರುವು ಮುರುವು, ಮೊದಲು ಪ್ಲಸ್, ಕೊನೆಗೆ ಮೈನಸ್. ಕಾರಿನ ಬಾಡಿಯೆಲ್ಲಾ ಮೈನಸ್‌ಗೆ ಸೇರಿರುತ್ತಲ್ಲ, ಮೈನಸ್ ಇನ್ನೂ ಕೂತಿರುವಾಗ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಎಲ್ಲಾದರೂ ಲೋಹಕ್ಕೆ ತಾಗಿತು ಅಂದ್ರೆ ಬೆಂಕಿ ಕಿಡಿ. ಬ್ಯಾಟರಿ ಹದಿನೆಂಟು ಕೆಜಿ ಹತ್ತಿರ ಇರುತ್ತೆ, ನಡು ಜೋಪಾನ. ಬಿರುಕು ಬಿಟ್ಟಿದ್ದರಿಂದ ಬಟ್ಟೆ ನೆನೆಸೋ ಪ್ಲಾಸ್ಟಿಕ್ ಟಬ್‌ನಲ್ಲಿ ಕೂರಿಸಿ ಗೆಳೆಯನ ಕಾರಿನ ಡಿಕ್ಕಿಯಲ್ಲಿಟ್ಟು ಅಂಗಡಿಗೆ ಒಯ್ದೆವು. ಮಂಜು ಕರಗಿದ ಮೇಲೆ ಆಸಿಡ್ ಸೋರುತ್ತೆ, ಡಿಕ್ಕಿಯ ಕಾರ್ಪೆಟ್ ತೂತಾಗುತ್ತೆ. ಹೊಸದಕ್ಕೆ ಇನ್ನೂರು ಡಾಲರ್ ಹತ್ತಿರ ಆಯ್ತು. ಹಳೆಯದನ್ನು ವಾಪಸ್ ಕೊಟ್ಟಿದ್ದಕ್ಕೆ ಡೆಪಾಸಿಟ್ ಅಂತ ಇಪ್ಪತ್ತು ಡಾಲರ್ ಹಿಂದಿರುಗಿ ಬಂತು. ಒಡೆದಿದ್ದರೂ ತಗೋತಾರೆ, ಸೀಸ ಕರಗಿಸಿ ಮತ್ತೆ ಬ್ಯಾಟರಿಯನ್ನೇ ಮಾಡೋದು.

ಸಂಜೆ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಹೇಳಿದೆ. ಅವರ ಮೊದಲ ಪ್ರಶ್ನೆ, “ತಳ್ಳಿ ನೋಡಿದ್ರೇನೋ?”

ತಪ್ಪಿಲ್ಲ ಬಿಡಿ. ನಮ್ಮ ಮನೆಯ ಮಾರುತಿ 800 ಅನ್ನು ವರ್ಷದಲ್ಲಿ ಎರಡು ತಿಂಗಳು ನಾವು ತಳ್ಳಿಯೇ ಶುರು ಮಾಡುತ್ತಿದ್ದೆವು. ಅಪ್ಪ ಎರಡನೇ ಗೇರಿನಲ್ಲಿ ಕ್ಲಚ್ ಒತ್ತಿ ಕೂರೋದು, ನಾನೂ ಪಕ್ಕದ ಮನೆಯವರೂ ಇಳಿಜಾರಿನ ತನಕ ತಳ್ಳೋದು. ಆಟೊಮ್ಯಾಟಿಕ್ ಗಾಡಿಗೆ ಆ ಭಾಗ್ಯ ಇಲ್ಲಪ್ಪ ಅಂದೆ. ಎಂಜಿನ್ ಓಡದಿದ್ದರೆ ಗೇರ್‌ಬಾಕ್ಸ್ ಒಳಗೆ ಎಣ್ಣೆಯ ಒತ್ತಡ ಹುಟ್ಟಲ್ಲ, ಒತ್ತಡ ಇಲ್ಲದೆ ಚಕ್ರ ತಿರುಗಿದರೂ ಎಂಜಿನ್ ತಿರುಗಲ್ಲ. ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, “ಹಳೇ ಅಂಬಾಸಿಡರಿಗೆ ಮುಂದೆ ಹ್ಯಾಂಡಲ್ ಹಾಕಿ ತಿರುಗಿಸ್ತಿದ್ವಿ, ಬ್ಯಾಟರಿ ಹಂಗೇ ಇರಲಿ ಅಂತ” ಅಂದರು. ಆ ಹ್ಯಾಂಡಲ್ ತಿರುಗಿಸಲು ಹೋಗಿ ಕೈ ಮುರಿದುಕೊಂಡವರ ಕತೆಯೂ ಇದೆ ಅಂತ ಅಮ್ಮ ಹಿಂದಿನಿಂದ ಹೇಳಿದರು. 1912ರಲ್ಲಿ ಕ್ಯಾಡಿಲ್ಯಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ಮಾಡಿದ ಕರೆಂಟಿನ ಸ್ಟಾರ್ಟರ್ ಬಂದ ಮೇಲೆ ಮೆಲ್ಲಗೆ ಎಲ್ಲ ಕಂಪನಿಗಳೂ ಅದೇ ದಾರಿ ಹಿಡಿದವು. ನಾವು ‘ಸೆಲ್ಫ್’ ಅಂತ ಕರೆಯೋದು ಆ ಮೋಟಾರನ್ನೇ. ಅವತ್ತಿನಿಂದ ಎಲ್ಲ ಭಾರ ಬ್ಯಾಟರಿ ತಲೆಗೆ.

ಆ ಭಾರ ಚಳಿಗೆ ಯಾಕೆ ಹೆಚ್ಚು ಅನ್ನೋದಕ್ಕೆ ನಮ್ಮ ಬಚ್ಚಲಲ್ಲೇ ಪಾಠ ಇದೆ. ಡಿಸೆಂಬರ್‌ನಲ್ಲಿ ಹಾಸನದ ಮನೆಯಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯನ್ನು ಬಿಸಿನೀರಿನ ಚೊಂಬಿನಲ್ಲಿ ಇಟ್ಟು ಕಾಯುತ್ತಿದ್ದೆವಲ್ಲ, ಎಂಜಿನ್ ಆಯಿಲ್ ಅಷ್ಟು ಗಟ್ಟಿಯಾಗದಿದ್ದರೂ ಜೇನುತುಪ್ಪದ ಹಾಗೆ ಮಂದವಾಗುತ್ತೆ. ಅದನ್ನು ಕಲಕಿಕೊಂಡು ಎಂಜಿನ್ ತಿರುಗಿಸಬೇಕು ಅಂದ್ರೆ ಸ್ಟಾರ್ಟರ್‌ಗೆ ಮಾಮೂಲಿಗಿಂತ ಜಾಸ್ತಿ ಶಕ್ತಿ ಬೇಕು, ಮೈನಸ್ 18ಕ್ಕೆ ಬಂದಾಗ ಸುಮಾರು ಎರಡರಷ್ಟು. ಅದೇ ಹೊತ್ತಿಗೆ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ಚಳಿಗೆ ನಿಧಾನವಾಗಿರುತ್ತೆ. ಸೊನ್ನೆ ಡಿಗ್ರಿಯಲ್ಲಿ ಅದರ ಶಕ್ತಿ ಮೂರನೇ ಒಂದು ಪಾಲು ಕಡಿಮೆ, ಮೈನಸ್ 18ರಲ್ಲಿ ಅರ್ಧಕ್ಕಿಂತ ಕಡಿಮೆ ಉಳಿದಿರುತ್ತೆ. ಕೆಲಸ ಎರಡು ಪಟ್ಟು, ಶಕ್ತಿ ಅರ್ಧ. ಹೊಸ ಬ್ಯಾಟರಿಗೆ ಈ ಲೆಕ್ಕ ದಕ್ಕುತ್ತೆ. ಐದು ವರ್ಷದ್ದಕ್ಕೆ ದಕ್ಕಲ್ಲ.

ಬ್ಯಾಟರಿ ಮೇಲೆ ಸಿಸಿಎ (ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್) ಅಂತ ಒಂದು ನಂಬರ್ ಇರುತ್ತೆ. 650 ಸಿಸಿಎ ಅಂದರೆ, ಮೈನಸ್ 18 ಡಿಗ್ರಿಯಲ್ಲಿ 30 ಸೆಕೆಂಡು 650 ಆಂಪ್ಸ್ ಕೊಡುತ್ತೆ, ಕೊಡುವಾಗ ವೋಲ್ಟೇಜ್ 7.2ಕ್ಕಿಂತ ಕೆಳಗಿಳಿಯಲ್ಲ ಅಂತ. ಇಲ್ಲಿ ಬ್ಯಾಟರಿ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಅದು. ಕಾರಿನ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಕಡಿಮೆ ಇರೋದನ್ನು ಮೂವತ್ತು ಡಾಲರ್ ಉಳೀತು ಅಂತ ತಗೋಬೇಡಿ. ಹಾಗೇ ಆಯಿಲ್ ಬದಲಾಯಿಸುವಾಗ ಪುಸ್ತಕದಲ್ಲಿ 0ಡಬ್ಲ್ಯೂ-20 ಅಂತಿದ್ದರೆ ಅದನ್ನೇ ಹಾಕಿಸಿ. ಆ ಡಬ್ಲ್ಯೂ ಇರೋದೇ ಚಳಿಗಾಲಕ್ಕೆ (ವಿಂಟರ್), ಡಬ್ಲ್ಯೂಗಿಂತ ಮೊದಲಿನ ನಂಬರ್ ಚಿಕ್ಕದಿದ್ದಷ್ಟೂ ಚಳಿಯಲ್ಲಿ ಎಣ್ಣೆ ತೆಳು.

ಇಷ್ಟೆಲ್ಲಾ ಹೇಳಿ ಈಗ ಉಲ್ಟಾ ಹೊಡೆಯುತ್ತೇನೆ. ಬ್ಯಾಟರಿಯನ್ನು ಕೊಲ್ಲೋದು ಚಳಿ ಅಲ್ಲ, ಬಿಸಿಲು. ಜುಲೈನಲ್ಲಿ ಇಲ್ಲಿ 35 ಡಿಗ್ರಿ ಮುಟ್ಟುತ್ತೆ, ಬಾನೆಟ್ ಕೆಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ಆ ಬಿಸಿಗೆ ಒಳಗಿನ ತಟ್ಟೆಗಳು ಸವೆಯುತ್ತವೆ, ನೀರು ಆರುತ್ತೆ. ಅರಿಜೋನಾದ ಫೀನಿಕ್ಸ್‌ನಲ್ಲಿ ಬ್ಯಾಟರಿಗಳು ನಮ್ಮಲ್ಲಿಗಿಂತ ಬೇಗ ಹೋಗೋದು ಅದಕ್ಕೇ. ಆದರೆ ಬೇಸಿಗೆಯಲ್ಲಿ ಸ್ಟಾರ್ಟ್ ಮಾಡೋದು ಸುಲಭ, ಹಾಗಾಗಿ ಅದಕ್ಕೆ ಕಾಯಿಲೆ ಇದೆ ಅಂತ ನಮಗೆ ಗೊತ್ತೇ ಆಗಲ್ಲ. ನವೆಂಬರ್ ಕೊನೆಯ ಒಂದು ಬೆಳಗ್ಗೆ ಬಂಡವಾಳ ಬಯಲಾಗುತ್ತೆ. ಬೆಂಗಳೂರಿನಲ್ಲಿರೋ ನನ್ನ ಭಾವ, “ಡಿಸೆಂಬರ್ ಚಳಿಗೆ ನನ್ನ ಕಾರೂ ಎದ್ದೇಳಲ್ಲ ಕಣೋ” ಅಂತಾರೆ. ಭಾವ, 15 ಡಿಗ್ರಿ ಚಳಿ ಅಲ್ಲ, ನಿಮ್ಮ ಬ್ಯಾಟರಿಗೆ ವಯಸ್ಸಾಗಿದೆ.

ಅದಕ್ಕೇ ನನ್ನ ವಾದ, ಬ್ಯಾಟರಿ ನೋಡಬೇಕಾದದ್ದು ಜನವರಿಯಲ್ಲಿ ಅಲ್ಲ, ಆಯುಧ ಪೂಜೆ ದಿನ. ತಮಾಷೆಗೆ ಹೇಳ್ತಿಲ್ಲ. ಸೆಪ್ಟೆಂಬರ್ ಕೊನೆ ಇಲ್ಲಾ ಅಕ್ಟೋಬರ್‌ನಲ್ಲಿ ಬರುತ್ತೆ. ಬೇಸಿಗೆಯ ಏಟು ತಿಂದಾಗಿರುತ್ತೆ, ಚಳಿ ಇನ್ನೂ ಶುರುವಾಗಿರಲ್ಲ, ಬರಿಗೈಯಲ್ಲಿ ಹೊರಗೆ ನಿಂತು ಕೆಲಸ ಮಾಡಬಹುದು. ಕಾರು ಹೇಗೂ ತೊಳೀತೀರಿ. ಚಕ್ರದ ಕೆಳಗೆ ನಿಂಬೆಹಣ್ಣು ಇಡ್ತೀರಿ, ಬಾನೆಟ್ ಮೇಲೆ ಅರಿಶಿನ ಕುಂಕುಮ ಹಚ್ಚಿ ಹೂವಿನ ಹಾರ ಹಾಕ್ತೀರಿ. ಅದೇ ಬಾನೆಟ್ಟನ್ನು ಒಂದು ಸಲ ಮೇಲೆತ್ತೋದಕ್ಕೆ ಏನು ಕಷ್ಟ?

ಎತ್ತಿದ ಮೇಲೆ ಮೊದಲು ಹುಟ್ಟಿದ ದಿನ ಹುಡುಕಿ. ಇಲ್ಲಿನ ಹೆಚ್ಚಿನ ಬ್ಯಾಟರಿಗಳ ಮೇಲೆ ಒಂದು ದುಂಡು ಸ್ಟಿಕ್ಕರ್ ಇರುತ್ತೆ, ಅದರಲ್ಲಿ ತಿಂಗಳು, ವರ್ಷ. ಕೆಲವದರಲ್ಲಿ ತಿಂಗಳಿಗೆ ಇಂಗ್ಲಿಷ್ ಅಕ್ಷರ, ‘ಎ’ ಅಂದರೆ ಜನವರಿ, ‘ಬಿ’ ಅಂದರೆ ಫೆಬ್ರವರಿ, ಹೀಗೆ. ಮೂರು ವರ್ಷ ದಾಟಿದ್ದರೆ ಕಣ್ಣಿಟ್ಟಿರಿ. ಐದು ದಾಟಿದ್ದರೆ ಅದು ಸಾಲದ ಆಯುಸ್ಸಿನಲ್ಲಿ ಓಡ್ತಿದೆ ಅಂತ. ನನ್ನದು ಐದೂವರೆ ಆಗಿತ್ತು ಅಂತ ಅಂಗಡಿಯವನು ಸ್ಟಿಕ್ಕರ್ ಒರೆಸಿ ತೋರಿಸಿದಾಗಲೇ ನನಗೆ ಗೊತ್ತಾಗಿದ್ದು.

ಆಮೇಲೆ ವೋಲ್ಟೇಜ್ ಅಳೆಯೋ ಮಲ್ಟಿಮೀಟರ್. ಇಪ್ಪತ್ತು ಡಾಲರ್‌ಗೆ ಒಳ್ಳೇದೇ ಸಿಗುತ್ತೆ. ರಾತ್ರಿಯಿಡೀ ನಿಂತ ಕಾರಿಗೆ ಬೆಳಗ್ಗೆ ಹಿಡಿಯಬೇಕು, ಈಗಷ್ಟೇ ಓಡಿಸಿ ನಿಲ್ಲಿಸಿದ್ದಕ್ಕೆ ಹಿಡಿದರೆ ಸುಳ್ಳು ಹೇಳುತ್ತೆ. ಕೆಂಪು ಕಡ್ಡಿ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. 12.6 ತೋರಿಸಿದರೆ ತುಂಬಿದೆ. 12.4 ಅಂದರೆ ಮುಕ್ಕಾಲು. 12.2 ಅರ್ಧ. 12ಕ್ಕೆ ಬಂದರೆ ಕಾಲು ಭಾಗ ಅಷ್ಟೇ ಉಳಿದಿದೆ. ನೋಡಿ, ಎಷ್ಟು ಚಿಕ್ಕ ಅಂತರ! 12 ವೋಲ್ಟ್ ಬ್ಯಾಟರಿಯಲ್ಲಿ 12 ಇದ್ದರೆ ಸಾಕಲ್ವಾ ಅಂತ ನಾನೂ ಅಂದುಕೊಂಡಿದ್ದೆ. ಸಾಲದು. ಮೀಟರ್ ಹಾಗೇ ಇಟ್ಟುಕೊಂಡು ಯಾರಿಗಾದರೂ ಸ್ಟಾರ್ಟ್ ಮಾಡಲು ಹೇಳಿ. ಎಂಜಿನ್ ತಿರುಗುವ ಆ ಒಂದೆರಡು ಸೆಕೆಂಡು ನಂಬರ್ ಧಡಾರನೆ ಬೀಳುತ್ತೆ, 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ವೀಕ್. ಎಂಜಿನ್ ಓಡುವಾಗ 13.8ರಿಂದ 14.7ರ ಒಳಗೆ ಇದ್ದರೆ ಆಲ್ಟರ್ನೇಟರ್ (ಎಂಜಿನ್ ಜೊತೆ ತಿರುಗಿ ಕರೆಂಟ್ ಮಾಡೋ ಯಂತ್ರ) ಬ್ಯಾಟರಿಯನ್ನು ಸರಿಯಾಗಿ ತುಂಬಿಸ್ತಿದೆ ಅಂತ. ಹೊಸ ಕಾರುಗಳಲ್ಲಿ ಕಂಪ್ಯೂಟರೇ ಇದನ್ನು ಏರಿಳಿಸುತ್ತೆ, ಸ್ವಲ್ಪ ಆಚೀಚೆ ಆದರೆ ಗಾಬರಿ ಬೇಡ. ಮೀಟರ್ ಸಹವಾಸವೇ ಬೇಡ ಅನ್ನೋರು ಬಿಡಿಭಾಗದ ಅಂಗಡಿಗೆ ಹೋಗಿ, ಸುಮಾರು ಕಡೆ ಪುಕ್ಕಟೆ ಟೆಸ್ಟ್ ಮಾಡಿಕೊಡ್ತಾರೆ. ಮಾರೋದೂ ಅವರೇ ಅನ್ನೋದು ನೆನಪಿರಲಿ.

ಬ್ಯಾಟರಿಯ ಪ್ಲಸ್, ಮೈನಸ್ ಟರ್ಮಿನಲ್ ಮೇಲೆ ಬಿಳಿ-ಹಸಿರು ಹುಡಿ ಕೂತಿದ್ದರೆ ಅದನ್ನು ತೆಗೆಯಿರಿ. ಅಡುಗೆ ಸೋಡಾ ಒಂದು ಚಮಚ, ಒಂದು ಲೋಟ ನೀರು, ಹಳೇ ಟೂತ್ ಬ್ರಷ್. ಕ್ಲ್ಯಾಂಪ್ ಬಿಚ್ಚಿ ಉಜ್ಜಿದರೆ ಬುಸ್ ಅಂತ ನೊರೆ ಬರುತ್ತೆ, ಅದನ್ನು ನೋಡೋದೇ ಮಕ್ಕಳಿಗೆ ಒಂದು ಮಜಾ, ದೂರ ನಿಲ್ಲಿಸಿ ತೋರಿಸಿ. ಒರೆಸಿ, ಒಣಗಿಸಿ, ಬಿಗಿ ಮಾಡಿ, ಮೇಲೆ ಸ್ವಲ್ಪ ವ್ಯಾಸಲೀನ್ ಸವರಿ. ಕೈಯಲ್ಲಿ ಅಲ್ಲಾಡಿಸಿದರೆ ಕ್ಲ್ಯಾಂಪ್ ಜಗ್ಗಬಾರದು. ಊರಲ್ಲಿ ಅಪ್ಪ ಮಾಡುತ್ತಿದ್ದ ಹಾಗೆ ಮುಚ್ಚಳ ತೆಗೆದು ಡಿಸ್ಟಿಲ್ಡ್ ವಾಟರ್ ಹಾಕುವ ಕೆಲಸ ಇಲ್ಲಿನ ಬಹುಪಾಲು ಬ್ಯಾಟರಿಗಳಿಗೆ ಇಲ್ಲ, ಸೀಲ್ ಆಗಿರುತ್ತವೆ. ನಲ್ಲಿ ನೀರು ಯಾವತ್ತೂ ಬೇಡ.

ಇನ್ನು ಚಳಿಗಾಲ ಪೂರ್ತಿ ಇಲ್ಲೇ ಇರೋರ ತೊಂದರೆ ಬೇರೆ. ಮನೆಯಿಂದ ಮಗಳ ಸ್ಕೂಲು ಎಂಟು ನಿಮಿಷ, ಅಲ್ಲಿಂದ ಟ್ರೈನ್ ಸ್ಟೇಷನ್ ಐದು ನಿಮಿಷ. ಪ್ರತಿ ಸಲ ಸ್ಟಾರ್ಟ್ ಮಾಡಿದಾಗ ಬ್ಯಾಟರಿಯಿಂದ ಒಂದು ದೊಡ್ಡ ಗುಟುಕು ಹೋಗುತ್ತೆ. ಆಲ್ಟರ್ನೇಟರ್ ಅದನ್ನು ತುಂಬಿಸೋಣ ಅಂದರೆ ನಾವು ಹೀಟರ್ ಫ್ಯಾನು, ಸೀಟ್ ಹೀಟರ್ ಎರಡು, ಹೆಡ್‌ಲೈಟು, ಹಿಂದಿನ ಗಾಜಿನ ಮಂಜು ಕರಗಿಸೋ ಬಟನ್ ಎಲ್ಲಾ ಹಾಕಿರುತ್ತೇವೆ. ಆ ಹಿಂದಿನ ಗಾಜು ಒಂದೇ 10ರಿಂದ 20 ಆಂಪ್ಸ್ ನುಂಗುತ್ತೆ. ಮೇಲಾಗಿ ತಣ್ಣಗಿರೋ ಬ್ಯಾಟರಿ ಚಾರ್ಜ್ ಸ್ವೀಕರಿಸೋದೂ ನಿಧಾನ. ಹೀಗೆ ದಿನಾ ಸ್ವಲ್ಪ ಸ್ವಲ್ಪ ಸಾಲ ಬೆಳೆಯುತ್ತೆ. ವಾರಕ್ಕೊಂದು ಸಲ ಅರ್ಧ-ಮುಕ್ಕಾಲು ಗಂಟೆ ಹೈವೇ ಮೇಲೆ ಓಡಿಸಿ ಬನ್ನಿ. ಎಲ್ಲಿಗೆ ಅಂತ ಕೇಳಬೇಡಿ, ನಾವು ಊರಾಚೆಯ ಇಂಡಿಯನ್ ಅಂಗಡಿಗೆ ತರಕಾರಿ ನೆಪ ಹೇಳಿಕೊಂಡು ಹೋಗ್ತೀವಿ. ಸುಮ್ನೆ ನಿಂತಲ್ಲೇ ಹತ್ತು ನಿಮಿಷ ಎಂಜಿನ್ ಓಡಿಸಿ ಆಫ್ ಮಾಡೋದರಿಂದ ಪ್ರಯೋಜನ ಕಡಿಮೆ, ಸ್ಟಾರ್ಟ್ ಮಾಡಲು ಖರ್ಚಾದದ್ದೂ ಪೂರ್ತಿ ವಾಪಸ್ ಬರದೇ ಇರಬಹುದು. ಗ್ಯಾರೇಜ್ ಒಳಗಂತೂ ಹಾಗೆ ಓಡಿಸಲೇಬೇಡಿ, ಬಾಗಿಲು ತೆರೆದಿದ್ದರೂ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಮನೆಯೊಳಕ್ಕೆ ನುಗ್ಗುತ್ತೆ.

ಊರಿಗೆ ಹೊರಟವರಿಗೆ. ಗ್ಯಾರೇಜಿನಲ್ಲಿ ಪ್ಲಗ್ ಪಾಯಿಂಟ್ ಇದ್ದರೆ ಬ್ಯಾಟರಿ ಮೇಂಟೇನರ್ ಅಂತ ಸಿಗುತ್ತೆ, ಸಿಕ್ಕಿಸಿ ಹೋಗಿ. ಮಾಮೂಲಿ ಚಾರ್ಜರ್ ಅಲ್ಲ, ತುಂಬಿದ ಮೇಲೆ ತಾನೇ ನಿಲ್ಲಿಸಿ ಬೇಕಾದಾಗ ಮತ್ತೆ ಶುರು ಮಾಡುವಂಥದ್ದು. ನನ್ನ ಹಾಗೆ ಬಯಲು ಪಾರ್ಕಿಂಗ್ ಆದರೆ ಮೈನಸ್ ಕ್ಲ್ಯಾಂಪ್ ಬಿಚ್ಚಿ, ಪಕ್ಕಕ್ಕೆ ಸರಿಸಿ, ತಾಗದ ಹಾಗೆ ಬಟ್ಟೆ ಸುತ್ತಿ ಹೋಗಿ. ಗಡಿಯಾರ, ರೇಡಿಯೋ ಸ್ಟೇಷನ್ ಎಲ್ಲಾ ಅಳಿಸಿಹೋಗುತ್ತೆ, ಹೋಗಲಿ. ತುಂಬಿದ ಬ್ಯಾಟರಿಯನ್ನು ಬಿಚ್ಚಿಟ್ಟರೆ ಚಳಿಯಲ್ಲಿ ಅದು ತಾನಾಗಿ ಇಳಿಯೋದು ಬಹಳ ನಿಧಾನ, ಆ ಮಟ್ಟಿಗೆ ಚಳಿ ನಮ್ಮ ಕಡೆಗೇ ಇದೆ. ಒಂದು ಎಚ್ಚರ. ಕೆಲವು ಕಾರುಗಳಲ್ಲಿ ಬ್ಯಾಟರಿ ಇರೋದು ಡಿಕ್ಕಿಯಲ್ಲಿ, ಡಿಕ್ಕಿ ತೆರೆಯೋದು ಕರೆಂಟಿನಿಂದ. ಬಿಚ್ಚಿ ಡಿಕ್ಕಿ ಮುಚ್ಚಿದಿರೋ, ಕೀ ಒಳಗಿಟ್ಟು ಮನೆ ಬೀಗ ಹಾಕಿದ ಹಾಗೆ. ಮೊದಲು ಪುಸ್ತಕ ನೋಡಿ. ಗೆಳೆಯರಿಗೆ ಕೀ ಕೊಟ್ಟು ‘ಆಗಾಗ ಸ್ಟಾರ್ಟ್ ಮಾಡ್ತಿರು’ ಅಂತ ಹೇಳೋದಾದರೆ ‘ಓಡಿಸಿಕೊಂಡು ಬಾ’ ಅಂತ ಹೇಳಿ. ಡ್ಯಾಶ್‌ಕ್ಯಾಮಿನ ವಯರ್ ಕಿತ್ತುಹಾಕಿ. ದಯವಿಟ್ಟು.

ಇನ್ನು ಜಂಪ್ ಕೊಡೋದು, ಅಂದರೆ ಇನ್ನೊಂದು ಕಾರಿನ ಬ್ಯಾಟರಿಯಿಂದ ಕರೆಂಟ್ ಕೊಟ್ಟು ಎಬ್ಬಿಸೋದು. ಮೊದಲು ಬ್ಯಾಟರಿ ಉಬ್ಬಿದೆಯಾ, ಒಡೆದಿದೆಯಾ ನೋಡಿ. ಅನುಮಾನ ಬಂದರೆ ಕೈ ಬಿಡಿ. ಸರಿಯಿದ್ದರೆ ಕೆಂಪು ಕೇಬಲ್‌ನ ಒಂದು ತುದಿ ಸತ್ತ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಒಳ್ಳೆ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಕೇಬಲ್ ಒಳ್ಳೆ ಬ್ಯಾಟರಿಯ ಮೈನಸ್‌ಗೆ, ಅದರ ಕೊನೇ ತುದಿ ಮಾತ್ರ ಸತ್ತ ಬ್ಯಾಟರಿಗೆ ಅಲ್ಲ, ಆ ಕಾರಿನ ಎಂಜಿನ್ ಮೇಲಿನ ಬಣ್ಣ ಇಲ್ಲದ ಗಟ್ಟಿ ಲೋಹಕ್ಕೆ, ಬ್ಯಾಟರಿಯಿಂದ ದೂರ. ಕೊನೆಯ ಕ್ಲಿಪ್ ಹಾಕುವಾಗ ಕಿಡಿ ಹಾರುತ್ತೆ, ಬ್ಯಾಟರಿ ಮೇಲೆ ಹೈಡ್ರೋಜನ್ ಅನಿಲ ಇರಬಹುದು. ಒಳ್ಳೆ ಕಾರನ್ನು ಐದು-ಹತ್ತು ನಿಮಿಷ ಓಡಲು ಬಿಟ್ಟು ಆಮೇಲೆ ಪ್ರಯತ್ನಿಸಿ. ಬಿಚ್ಚುವಾಗ ಹಾಕಿದ್ದರ ತಿರುವು ಮುರುವು.

ಕೇಬಲ್ ಬೇಡ, ಕಾರು ಎಬ್ಬಿಸೋ ಪವರ್ ಬ್ಯಾಂಕ್, ಅಂದರೆ ಲಿಥಿಯಂ ಜಂಪ್ ಪ್ಯಾಕ್ ಇದೆ ಅನ್ನೋರಿಗೆ ಒಂದು ಮಾತು. ಅದನ್ನು ಮನೆಯೊಳಗೆ ಇಡಿ. ನಾನು ಬುದ್ಧಿವಂತ, ಕಾರಿನ ಡಿಕ್ಕಿಯಲ್ಲೇ ಇಟ್ಟಿದ್ದೆ. ಆ ಶನಿವಾರ ಅದನ್ನು ತೆಗೆಯಲು ಹೋದರೆ ಡಿಕ್ಕಿ ತೆರೆಯಲಿಲ್ಲ, ಹಿಂದಿನ ಸೀಟ್ ಮಡಚಿ ತೂರಿ ತೆಗೆದರೆ ಅದೂ ಮೈನಸ್ 26ರಲ್ಲಿ ತಣ್ಣಗೆ ಮಲಗಿತ್ತು.

ಹೆಡ್‌ಲೈಟ್ ಒಂದೆರಡು ನಿಮಿಷ ಹಾಕಿದರೆ ಬ್ಯಾಟರಿ ಬೆಚ್ಚಗಾಗುತ್ತೆ ಅನ್ನೋ ಮಾತು ಇಲ್ಲಿ ತುಂಬಾ ಓಡಾಡುತ್ತೆ. ಬೆಚ್ಚಗಾಗುವಷ್ಟೇನೂ ಆಗಲ್ಲ, ಇರೋದೂ ಖರ್ಚಾಗುತ್ತೆ. ಇನ್ನೊಂದು ಗಾಳಿಯ ಚಳಿ. ಟೀವಿಯಲ್ಲಿ ‘ಮೈನಸ್ 28, ಗಾಳಿ ಸೇರಿ ಮೈನಸ್ 45ರ ಹಾಗೆ ಅನಿಸುತ್ತೆ’ ಅಂದರೆ ಆ ಎರಡನೇ ನಂಬರ್ ನಮ್ಮ ಚರ್ಮಕ್ಕೆ, ಬ್ಯಾಟರಿಗಲ್ಲ. ಗಾಳಿ ಅದನ್ನು ಬೇಗ ತಣ್ಣಗೆ ಮಾಡುತ್ತೆ, ಆದರೆ ಮೈನಸ್ 28ಕ್ಕಿಂತ ಕೆಳಗೆ ಒಯ್ಯಲಾರದು. 2019ರ ಜನವರಿ 30ರಂದು ಇಲ್ಲಿ ಮೈನಸ್ 33 ಆಗಿತ್ತು. ನಾವು ಬಂದ ಮೊದಲ ಚಳಿಗಾಲ. ಅವತ್ತು ಮಿನ್ನೆಸೋಟದಲ್ಲಿ ಅಂಚೆಯವರೂ ಟಪಾಲು ಹಂಚಲಿಲ್ಲ. ನಮ್ಮ ಕಾರು ಆಗ ನೆಲಮಾಳಿಗೆಯ ಗ್ಯಾರೇಜಿನಲ್ಲಿತ್ತು, ಮೊದಲ ಒತ್ತಿಗೇ ಎದ್ದಿತು, ಅದನ್ನೇ ನಾನು ಕಾರಿನ ದೊಡ್ಡಸ್ತಿಕೆ ಅಂದುಕೊಂಡುಬಿಟ್ಟೆ.

ಡುಲುತ್‌ನ ಹಿರಿಯರ ಕಾರಿನ ಮೂತಿಯಿಂದ ಒಂದು ಪ್ಲಗ್ ನೇತಾಡುತ್ತಿರುತ್ತೆ. ನಾನು ಅದನ್ನು ಎಲೆಕ್ಟ್ರಿಕ್ ಕಾರು ಅಂದುಕೊಂಡಿದ್ದೆ. ಅಲ್ಲ, ಬ್ಲಾಕ್ ಹೀಟರ್. ರಾತ್ರಿ ಮನೆಯ ಕರೆಂಟಿಗೆ ಸಿಕ್ಕಿಸಿದರೆ ಎಂಜಿನ್ ಬೆಚ್ಚಗಿಟ್ಟಿರುತ್ತೆ, ಬ್ಯಾಟರಿಗೆ ಬೆಳಗ್ಗೆ ಅರ್ಧ ಕೆಲಸ. ಪಕ್ಕದ ನಾರ್ತ್ ಡಕೋಟಾದ ಗ್ರ್ಯಾಂಡ್ ಫೋರ್ಕ್ಸ್‌ನ ಆಂಡ್ರ್ಯೂ ಫ್ರೀಮನ್ ಇಂಥದ್ದೊಂದು ಹೀಟರಿಗೆ 1949ರಲ್ಲಿ ಪೇಟೆಂಟ್ ತಗೊಂಡಿದ್ದರು. ಬಯಲು ಪಾರ್ಕಿಂಗಿನಲ್ಲಿ ಪ್ಲಗ್ ಇಲ್ಲದ ನಮ್ಮಂಥವರಿಗೆ ಅದು ಬರೀ ಜಂಭದ ಬಾಲ. ಎಲೆಕ್ಟ್ರಿಕ್ ಕಾರಿನವರು ನಗೋದು ಬೇಡ, ನಿಮ್ಮಲ್ಲೂ ಬಾಗಿಲು, ಕಂಪ್ಯೂಟರ್ ಎಬ್ಬಿಸೋಕೆ ಒಂದು ಚಿಕ್ಕ 12 ವೋಲ್ಟ್ ಬ್ಯಾಟರಿ ಇದೆ, ಅದು ಸತ್ತರೆ ಅಷ್ಟು ದೊಡ್ಡ ಬ್ಯಾಟರಿ ಇದ್ದೂ ಕಾರು ಕದಲಲ್ಲ.

ಆ ಭಾನುವಾರ ಒಂದು ಡಬ್ಬಿಯಲ್ಲಿ ಎಳ್ಳು-ಬೆಲ್ಲ ಹಾಕಿಕೊಂಡು ಹಿರಿಯರ ಮನೆಗೆ ಹೋಗಿದ್ದೆ. ಕೊಬ್ಬರಿ ಚೂರನ್ನು ಬೆರಳಲ್ಲಿ ಹಿಡಿದು ಇದೇನು ಅಂತ ಕೇಳಿದರು. ಎಳ್ಳು-ಬೆಲ್ಲ ತಿಂದು ಒಳ್ಳೆ ಮಾತಾಡು ಅನ್ನೋದನ್ನು ಇಂಗ್ಲಿಷಿನಲ್ಲಿ ಹೇಗೋ ಹೇಳಿದೆ. ಅಗಿಯುತ್ತಾ, “ಒಳ್ಳೆ ಮಾತು ಅಂದರೆ, ಅಕ್ಟೋಬರ್‌ನಲ್ಲೇ ಚೆಕ್ ಮಾಡಿಸು” ಅಂದರು.

ಈ ಸಲದ ಆಯುಧ ಪೂಜೆಗೆ ಕಾರು ತೊಳೆದು ಬಾನೆಟ್ ಎತ್ತಿದೆ. ಮೀಟರಿನಲ್ಲಿ 12.58. ಅಪ್ಪ ವಿಡಿಯೋ ಕಾಲಿನಲ್ಲಿದ್ದರು, ಫೋನನ್ನು ಮಗಳು ಹಿಡಿದಿದ್ದಳು. ನಾನು ಬ್ಯಾಟರಿಗೂ ಒಂದು ಬೊಟ್ಟು ಕುಂಕುಮ ಇಡಲು ಬೆರಳು ನೀಡಿದೆ.

“ಅಯ್ಯೋ ತಡಿ ತಡಿ, ಪ್ಲಸ್ಸಿಗೋ ಮೈನಸ್ಸಿಗೋ?” ಅಂದರು ಅಪ್ಪ.

ನಡುವಿನ ಪ್ಲಾಸ್ಟಿಕ್ ಮೇಲೆ ಇಟ್ಟೆ.